ತರಾಸು ಹೆಸರಿನ ರೂಮಿಗೆ ಜಾಸ್ತಿ ತೆಗೆದುಕೊಂಡ ಹಣದ ಬಗ್ಗೆ

ಮ್ಯಾನೇಜರ್ ಅವರಿಗೆ ನಮಸ್ಕಾರ.

ಹೋದ ಶನಿವಾರ ದಾವಣಗೆರೆಯಿಂದ ಮನೆಮಂದಿಯೆಲ್ಲ ಬಂದು ಚಿತ್ರದುರ್ಗದ ನಿಮ್ಮ ಹೋಟೆಲಿನಲ್ಲಿ ಉಳಿದಿದ್ದೆವು. ಬಂಡೆಯ ತುದಿಯಲ್ಲಿ ಹಳೇ ಬಂಗಲೆ, ಎದುರಿಗೆ ಕೋಟೆ. ಜಾಗದ ಬಗ್ಗೆ ಎರಡು ಮಾತಿಲ್ಲ. ನನ್ನ ತಕರಾರು 'ತರಾಸು ಕೊಠಡಿ' ಅಂತ ಹೇಳಿ ಮಾಮೂಲಿ ಬಾಡಿಗೆಯ ಮೇಲೆ ನೀವು ತೆಗೆದುಕೊಂಡ 1,200 ರೂಪಾಯಿಯದು.

ಆ ರೂಮಿನ ಗೋಡೆಗೆ ಒಂದು ಬೋರ್ಡ್ ಹಾಕಿದ್ದೀರಿ. 'ನಾಗರಹಾವು' ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಖುಷಿಯಲ್ಲಿ ತರಾಸು 1985ರಲ್ಲಿ ಇಲ್ಲೇ ತಂಗಿದ್ದರಂತೆ. ಸ್ವಾಮಿ, ಪ್ರಶಸ್ತಿ ಬಂದದ್ದು 'ದುರ್ಗಾಸ್ತಮಾನ'ಕ್ಕೆ. ವರ್ಷ 1985 ಅನ್ನೋದು ಸರಿ, ಆದರೆ ಅವರು ತೀರಿಕೊಂಡದ್ದು 1984ರಲ್ಲಿ! ರಿಸೆಪ್ಷನ್ ಹುಡುಗನನ್ನು ಕೇಳಿದರೆ 'ಇಲ್ಲ ಸಾರ್, ಸಿನಿಮಾ ತೆಗೆಯೋಕೆ ಬಂದಿದ್ರಂತೆ' ಅಂದ. 'ನಾಗರಹಾವು' ಸಿನಿಮಾ 1972ರದ್ದು, ತೆಗೆದವರು ಪುಟ್ಟಣ್ಣ ಕಣಗಾಲ್. ಪಾಪ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅವನನ್ನು ಬೈಯಬೇಡಿ.

ಅದೇ ಬೋರ್ಡಿನ ಕೆಳಗೆ ಹೈದರಾಲಿ 1799ರಲ್ಲಿ ದುರ್ಗವನ್ನು ಗೆದ್ದ ಅಂತ ಬರೆದಿದೆ. ಮದಕರಿ ನಾಯಕ ಸೋತದ್ದು 1779ರಲ್ಲಿ, ಹೈದರ್ ಸತ್ತದ್ದು 1782ರಲ್ಲಿ. ನಿಮ್ಮ ಬೋರ್ಡಿನಲ್ಲಿ ಸತ್ತವರೆಲ್ಲ ಆರಾಮಾಗಿ ಓಡಾಡಿಕೊಂಡಿದ್ದಾರೆ!

ಬಾಲ್ಕನಿಯಿಂದ ಓಬವ್ವನ ಕಿಂಡಿ ಕಾಣುತ್ತದೆ ಅಂತಲೂ ಜಾಹೀರಾತಿನಲ್ಲಿದೆ. ಕೋಟೆಯೊಳಗೆ ಹೋಗಿ ನೋಡಬೇಕಾದ, ಒಬ್ಬ ಮನುಷ್ಯ ಕಷ್ಟಪಟ್ಟು ನುಸುಳುವಂಥ ಬಿರುಕು ಅದು, ಇಷ್ಟು ದೂರದಿಂದ ಹೇಗೆ ಕಾಣಬೇಕು? ನಮಗೆ ಕಂಡದ್ದು ಗಾಳಿಯಂತ್ರಗಳು. ಬಾತ್‌ರೂಮಿನ ನಲ್ಲಿ ರಾತ್ರಿಯಿಡೀ ಸೋರಿತು, ಅದು ಬಿಡಿ.

ನಿಜವಾಗಿ ಬೇಜಾರಾದದ್ದು ಬೇರೆ. ತರಾಸು ಹುಟ್ಟಿದ್ದು ನಮ್ಮ ಮಲೇಬೆನ್ನೂರಿನಲ್ಲಿ. ಅಪ್ಪ ಆ ಕಡೆಯವರು, 'ದುರ್ಗಾಸ್ತಮಾನ'ವನ್ನು ಕೋಟೆ ನೋಡುತ್ತಾ ಇನ್ನೊಂದು ಸಲ ಓದೋಣ ಅಂತ ಆಸೆಯಿಂದ ಬಂದಿದ್ದರು, ತರಾಸು ಹೆಸರಿನ ರೂಮಿನಲ್ಲಿ ಪುಸ್ತಕ ಇದ್ದೇ ಇರುತ್ತೆ ಅಂತ ಮನೆಯ ಪ್ರತಿಯನ್ನು ತರಲೂ ಇಲ್ಲ. ನಿಮ್ಮ ಕಪಾಟಿನಲ್ಲಿ ಇದ್ದದ್ದು ಟೂರಿಸ್ಟ್ ಮ್ಯಾಪು, ಹಳೇ ಸಿನಿಮಾ ಪತ್ರಿಕೆಗಳು. ಅವರ ಒಂದು ಪುಸ್ತಕವೂ ಇಲ್ಲದೆ ಅವರ ಹೆಸರಲ್ಲಿ ಸುಮ್ನೆ ದುಡ್ಡು ವಸೂಲಿ ಮಾಡೋದು ಸರೀನಾ?

ಜಾಸ್ತಿ ತೆಗೆದುಕೊಂಡ 1,200 ರೂಪಾಯಿ ವಾಪಸ್ ಕೊಡಿ. ಅವರು ಅಲ್ಲಿ ತಂಗಿದ್ದಕ್ಕೆ ಹಳೇ ರಿಜಿಸ್ಟರೋ ಪತ್ರವೋ ಇದ್ದರೆ ತೋರಿಸಿ, ಇಲ್ಲದಿದ್ದರೆ ಬೋರ್ಡ್ ತೆಗೆಯಿರಿ. ಬಿಲ್ಲು ಮತ್ತು ಬೋರ್ಡಿನ ಫೋಟೋ ಜೊತೆಗಿಟ್ಟಿದ್ದೇನೆ. ಒಂದು ವಾರದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ಇಂತಿ,
ದಾವಣಗೆರೆಯ ನಿಮ್ಮ ಗ್ರಾಹಕ