ಬರುವ ತಿಂಗಳಿಂದ ವಿಸಿಪಿ ಬಾಡಿಗೆ ಇಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ನವನಗರ, ಬಾಗಲಕೋಟೆ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯ ವಿಸಿಆರ್, ವಿಸಿಪಿಗಳನ್ನು, ಅಂದರೆ ವಿಡಿಯೋ ಕ್ಯಾಸೆಟ್ ಹಾಕಿ ನೋಡುವ ಮಷಿನ್‌ಗಳನ್ನು, ಬಾಡಿಗೆಗೆ ಕೊಡುವುದಿಲ್ಲ. ಗಣೇಶನ ಹಬ್ಬಕ್ಕೂ ಇಲ್ಲ, ಮದುವೆ ಮನೆಗೂ ಇಲ್ಲ, ಎಷ್ಟೇ ಹಳೆಯ ಗಿರಾಕಿ ಕೇಳಿದರೂ ಇಲ್ಲ. ಪಿಕ್ಚರ್ ಕ್ಯಾಸೆಟ್‌ಗಳು ಸಿಗುತ್ತವೆ, ಆದರೆ ಮನೆಯಲ್ಲಿ ಸ್ವಂತ ಮಷಿನ್ ಇದ್ದವರಿಗೆ ಮಾತ್ರ. ವಿಸಿಡಿ, ಡಿವಿಡಿ ವ್ಯವಹಾರ ಹಿಂದಿನಂತೆಯೇ ನಡೆಯುತ್ತದೆ. ಉಳಿದಿರುವ ಮಷಿನ್‌ಗಳನ್ನು ಇನ್ನು ಮುಂದೆ ಒಂದೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ. ಅದು ನಿಮ್ಮ ಮನೆಯ ಮದುವೆ, ಜಾತ್ರೆ, ಹೋಳಿಯ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಇಳಿಸುವ ಕೆಲಸ.

ಕೆಲವರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ಶನಿವಾರ ಸಂಜೆ ಬಂದು ಮಷಿನ್, ಎರಡು ಕ್ಯಾಸೆಟ್ ತೆಗೆದುಕೊಂಡು ಹೋಗಿ, ಹಳೆಯ ದಪ್ಪ ಟಿವಿಗೆ ಜೋಡಿಸಿ ರಾತ್ರಿಯೆಲ್ಲ ನೋಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರು ಸುಮ್ನೆ ಹಳೆಯದರ ಹುಚ್ಚಿಗೆ ಬರುವವರಲ್ಲ. ಮೊಬೈಲಿನಲ್ಲಿ ಸಿಗುವ ಎಷ್ಟೋ ಹಳೆ ಪಿಕ್ಚರ್‌ಗಳಲ್ಲಿ ಒಂದು ಹಾಡು ಇರುವುದಿಲ್ಲ, ಕಾಮಿಡಿ ಸೀನು ಹಾರಿಸಿರುತ್ತಾರೆ, ಮೂಲೆಯಲ್ಲಿ ಚಾನೆಲ್ಲಿನ ಗುರುತು ಕೂತಿರುತ್ತದೆ. ಕ್ಯಾಸೆಟ್‌ನಲ್ಲಿ ಅದೇ ಪಿಕ್ಚರ್ ಪೂರ್ತಿ ಇದ್ದದ್ದನ್ನು ನಾವೇ ನೋಡಿದ್ದೇವೆ. ಕನ್ನಡದ ಮೊದಲ ಟಾಕಿ, ಅಂದರೆ ಮಾತಿರುವ ಪಿಕ್ಚರ್, ಬಂದದ್ದು 1934ರಲ್ಲಿ, ಇವತ್ತು ಅದರ ಪ್ರತಿ ಸಿಗುವುದಿಲ್ಲ. ಹಾಗಾಗಿ ಹಳೆ ಕ್ಯಾಸೆಟ್ ಕೂಡಿಡುವವರ ಮೇಲೆ ನಮಗೆ ನಿಜವಾದ ಗೌರವ ಇದೆ.

ಆದರೆ ಮಷಿನ್ ವಿಷಯ ಬೇರೆ. ವಿಸಿಆರ್ ಒಳಗೆ ಒಂದು ಹೊಳೆಯುವ ಡ್ರಮ್ ಇರುತ್ತದೆ. ನಮ್ಮ ದೇಶದ ಟಿವಿಗೆ ಹೊಂದುವ ಪಾಲ್ ಮಾದರಿಯ ಮಷಿನ್‌ಗಳಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಅದರ ಅಂಚಿನಲ್ಲಿ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹೆಡ್‌ಗಳಿವೆ, ಚಿತ್ರ ಓದುವುದು ಅವೇ. ಅರ್ಧ ಇಂಚು ಅಗಲದ ಟೇಪು ಡ್ರಮ್‌ಗೆ ತಾಗಿಕೊಂಡೇ ಹೋಗಬೇಕು, ತಾಗಿದ ಮೇಲೆ ಹೆಡ್ ಸವೆಯಲೇಬೇಕು. ಜೊತೆಗೆ ನಮ್ಮೂರಿನ ಬಿಸಿಲಿಗೆ ಟೇಪು ಎಳೆಯುವ ರಬ್ಬರಿನ ಪಿಂಚ್ ರೋಲರ್ ಗಟ್ಟಿಯಾಗುತ್ತದೆ, ಬೆಲ್ಟ್ ಸಡಿಲಾಗುತ್ತದೆ, ಧೂಳಂತೂ ಕೇಳಲೇ ಬೇಡಿ. ಬೆಲ್ಟ್ ಹೇಗಾದರೂ ಹೊಂದಿಸಬಹುದು. ಹೆಡ್ ಹೋದರೆ ಮಷಿನ್ ಹೋದ ಹಾಗೆಯೇ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ಕೈಬಿಟ್ಟಿತು. ಅಲ್ಲಿಂದ ಈಚೆಗೆ ಹೊಸ ಮಷಿನ್ ಅನ್ನೋದೇ ಇಲ್ಲ, ಗುಜರಿಗೆ ಬಂದ ಮಷಿನ್ ಬಿಚ್ಚಿ ಅದರ ಭಾಗ ಇದಕ್ಕೆ ಹಾಕಿಕೊಂಡು ನಡೆಸುತ್ತಿದ್ದೇವೆ.

ಅಂದರೆ ಈ ಮಷಿನ್‌ಗಳು ಇನ್ನು ಇಷ್ಟು ಗಂಟೆ ಓಡಬಹುದು ಅಂತ ಒಂದು ಲೆಕ್ಕ ಇದೆ, ಆ ಲೆಕ್ಕ ಖರ್ಚಾಗುತ್ತಲೇ ಇದೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವುದೇ ನಮ್ಮ ಮುಂದಿದ್ದ ಪ್ರಶ್ನೆ. ಒಂದು ಪಿಕ್ಚರ್ ಕ್ಯಾಸೆಟ್ ನಮ್ಮಲ್ಲಿ ಹಾಳಾದರೆ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಯಾರ ಹತ್ತಿರವಾದರೂ ಇನ್ನೊಂದು ಇರಬಹುದು. ಪುಣೆಯಲ್ಲಿ 1964ರಿಂದ ಸರ್ಕಾರದ ಫಿಲ್ಮ್ ಆರ್ಕೈವ್ ಇದೆ, ಪಿಕ್ಚರ್ ಕಾಯಲು ಅವರಾದರೂ ಇದ್ದಾರೆ. ನಿಮ್ಮ ಅಪ್ಪ ಅವ್ವನ ಮದುವೆಯ ಕ್ಯಾಸೆಟ್ ಕಾಯಲು ಯಾರೂ ಇಲ್ಲ, ಜಗತ್ತಿನಲ್ಲಿ ಇರುವುದು ಅದೊಂದೇ.

ನಮ್ಮ ಊರಿನಲ್ಲಿ ಇದು ಇನ್ನೂ ಜಾಸ್ತಿ ನಿಜ. ಆಲಮಟ್ಟಿಯ ಹಿನ್ನೀರು ಬಂದು ಹಳೆ ಬಾಗಲಕೋಟೆಯ ಎಷ್ಟೋ ಮನೆಗಳು ಹೋದವು, ನಾವೆಲ್ಲ ನವನಗರಕ್ಕೆ ಬಂದೆವು, ಓಣಿಯ ಹೆಸರು ಹೋಗಿ ಸೆಕ್ಟರ್ ನಂಬರ್ ಬಂತು. ವಿಡಿಯೋ ಕ್ಯಾಮೆರಾದವರು ಮದುವೆಗೆ ಬರಲು ಶುರುವಾದದ್ದೂ, ಊರು ಖಾಲಿಯಾದದ್ದೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ. ಹಾಗಾಗಿ ಈಗ ಇಲ್ಲದ ಮನೆಗಳು, ಪಡಸಾಲೆಗಳು, ಕಟ್ಟೆಗಳು ಆ ಕ್ಯಾಸೆಟ್‌ಗಳಲ್ಲಿ ಇವೆ. ಎತ್ತಿನ ಗಾಡಿಯ ಮೇಲೆ ಬಣ್ಣದ ಬ್ಯಾರೆಲ್ ಇಟ್ಟುಕೊಂಡು ಹಲಗಿ ಬಾರಿಸುತ್ತ ಹೊರಟ ಹಳೆಯ ಹೋಳಿಯೂ ಇದೆ.

ಇತ್ತೀಚೆಗೆ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದಿದ್ದರು. "ಇದರಾಗ ನಮ್ಮ ಹಳೇ ಮನಿ ಐತ್ರಿ ತಮ್ಮಾ, ಒಂದೀಟು ಹಾಕಿ ತೋರಸ್ರಿ" ಅಂದರು. ಹಾಕಿದೆವು. ಮಗಳ ಮದುವೆ. ಹೆಡ್ ಟೇಪಿನ ಗೆರೆಗೆ ಸರಿಯಾಗಿ ಕೂರುವ ಹಾಗೆ ಟ್ರ್ಯಾಕಿಂಗ್ ಸರಿಮಾಡಿದ ಮೇಲೆ ಚಿತ್ರ ಅಲುಗಾಡದೆ ಕಂಡಿತು. ಅರಿಶಿಣದ ಶಾಸ್ತ್ರ, ಇಳಕಲ್ ಸೀರೆ ಉಟ್ಟ ಹೆಣ್ಣುಮಕ್ಕಳು, ಊಟದ ಪಂಕ್ತಿ. ಅಜ್ಜಿ ಏನೂ ಮಾತಾಡಲಿಲ್ಲ. ಕ್ಯಾಮೆರಾ ಮದುಮಗಳ ಹಿಂದೆ ಹೊರಗೆ ಬಂದಾಗ ತಲಬಾಗಿಲು ಕಂಡಿತು, ಚೌಕಟ್ಟಿನ ಕೆತ್ತನೆ, ಪಕ್ಕದ ಗೂಡಿನಲ್ಲಿ ದೀಪ. "ನಿಲ್ಲಸ್ರಿ, ಅಲ್ಲೇ ನಿಲ್ಲಸ್ರಿ" ಅಂದರು. ಚಿತ್ರ ತಡೆದು ನಿಲ್ಲಿಸುವ ಪಾಜ್ ಬಟನ್ ಒತ್ತಿದೆವು, ಆದರೆ ಜಾಸ್ತಿ ಹೊತ್ತು ನಿಲ್ಲಿಸಲು ಆಗಲಿಲ್ಲ. ಪಾಜ್ ಮಾಡಿದರೆ ಟೇಪು ನಿಲ್ಲುತ್ತದೆ ಅಷ್ಟೇ, ಡ್ರಮ್ ತಿರುಗುತ್ತಲೇ ಇರುತ್ತದೆ, ಹೆಡ್ ಅದೇ ಜಾಗವನ್ನು ಮತ್ತೆ ಮತ್ತೆ ಉಜ್ಜುತ್ತದೆ. ಆ ಬಾಗಿಲು ಇರುವ ಒಂದಿಷ್ಟು ಟೇಪನ್ನೇ ನಾವು ಸವೆಸಿದ ಹಾಗಾಗುತ್ತಿತ್ತು. ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟೆವು. ಈಗ ಅವರು ಬೇಕಾದಷ್ಟು ಹೊತ್ತು ನಿಲ್ಲಿಸಿಕೊಂಡು ನೋಡಬಹುದು. ಅವತ್ತೇ ನಾವು ಈ ನಿರ್ಧಾರ ಮಾಡಿದ್ದು.

ಇನ್ನು ಕೆಲಸದ ಮಾತು. ಮೂರು ಗಂಟೆಯ ಕ್ಯಾಸೆಟ್ ಇಳಿಸಲು ಮೂರು ಗಂಟೆಯೇ ಬೇಕು, ಟೇಪು ಅದರ ಸ್ಪೀಡಿನಲ್ಲೇ ಓಡಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ಬೆಳಿಗ್ಗೆ ಕೊಟ್ಟು ಮಧ್ಯಾಹ್ನ ಕೊಡಿ ಅಂತ ಒತ್ತಾಯ ಮಾಡಬೇಡಿ. ಹಳೆಯ ಕ್ಯಾಸೆಟ್‌ಗಳನ್ನು ತರುವ ಮೊದಲು ಮನೆಯಲ್ಲಿ ಹಾಕಿ ನೋಡಲೇಬೇಡಿ. ಕ್ಯಾಸೆಟ್‌ನ ಕಿಟಕಿಯಲ್ಲಿ ನೋಡಿದಾಗ ಸುರುಳಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಬೂಷ್ಟು. ಅದನ್ನು ಮಷಿನ್‌ಗೆ ಹಾಕಿದರೆ ಟೇಪೂ ಕೆಡುತ್ತದೆ, ಹೆಡ್ಡೂ ಕೆಡುತ್ತದೆ, ಅದೇ ಮಷಿನ್‌ಗೆ ಆಮೇಲೆ ಹಾಕುವ ಒಳ್ಳೆಯ ಕ್ಯಾಸೆಟ್‌ಗೂ ಹತ್ತುತ್ತದೆ. ಅಂಥದ್ದನ್ನು ಹಾಗೇ ತನ್ನಿ, ನಾವು ಬಿಚ್ಚಿ ಸ್ವಚ್ಛ ಮಾಡುತ್ತೇವೆ. ಕ್ಯಾಸೆಟ್‌ನ ಬೆನ್ನಿನ ಎಡಗಡೆ ಒಂದು ಪುಟ್ಟ ಪ್ಲಾಸ್ಟಿಕ್ ಚೂರು ಇರುತ್ತದೆ, ಅದು ಇನ್ನೂ ಇದ್ದರೆ ಮುರಿದುಬಿಡಿ. ಆಮೇಲೆ ಅದರ ಮೇಲೆ ಯಾರೂ ತಪ್ಪಿ ಬೇರೆ ರೆಕಾರ್ಡ್ ಮಾಡಲು ಆಗುವುದಿಲ್ಲ. ಮನೆಯಲ್ಲಿ ಇಡುವಾಗ ಪುಸ್ತಕದ ಹಾಗೆ ನಿಲ್ಲಿಸಿ ಇಡಿ, ತಗಡಿನ ಶೀಟಿನ ಕೆಳಗೆ ಬೇಡ, ಸ್ಪೀಕರ್ ಪಕ್ಕದಲ್ಲೂ ಬೇಡ.

ಹೊಸ ಟಿವಿಯಲ್ಲಿ ನೋಡುವಾಗ ಚಿತ್ರದ ಕೆಳಗಡೆ ಒಂದು ಹರಿದ ಪಟ್ಟಿ ಕಾಣುತ್ತದೆ. ಅದು ನಾವು ಕೆಡಿಸಿದ್ದಲ್ಲ. ಮೊದಲಿನಿಂದಲೂ ಇದೆ, ಹಳೆಯ ಟಿವಿಯಲ್ಲಿ ಅದು ಚೌಕಟ್ಟಿನ ಹಿಂದೆ ಮುಚ್ಚಿಹೋಗುತ್ತಿತ್ತು. ಕತ್ತರಿಸಬಹುದು, ಆದರೆ ನಾವು ಇದ್ದದ್ದನ್ನು ಇದ್ದ ಹಾಗೇ ಕೊಡುತ್ತೇವೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಪಿಕ್ಚರ್ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ ಅಂತ ಕೇಳಬೇಡಿ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ದುಡ್ಡು ತೆಗೆದುಕೊಂಡು ಅದನ್ನು ಕಾಪಿ ಮಾಡುವುದು ನಮಗೆ ಸರಿ ಕಾಣುವುದಿಲ್ಲ.

ಸ್ವಂತ ಮಷಿನ್ ಇದ್ದು ಪಿಕ್ಚರ್ ಕ್ಯಾಸೆಟ್ ಒಯ್ಯುವವರು ಮೊದಲ ಸಲ ಮಷಿನ್ ತಂದು ತೋರಿಸಬೇಕು. ಹೆಡ್, ರೋಲರ್ ಒರೆಸಿ ಕೊಡುತ್ತೇವೆ, ಅದಕ್ಕೆ ಹಣ ಇಲ್ಲ. ಮಷಿನ್ ಬಾಡಿಗೆಗೆ ಅಂತ ಡಿಪಾಸಿಟ್ ಇಟ್ಟವರು ಚೀಟಿ ತಂದು ವಾಪಸ್ ಪಡೆಯಿರಿ. ಚೀಟಿ ಕಳೆದಿದ್ದರೂ ಬನ್ನಿ, ನಮ್ಮ ವಹಿಯಲ್ಲಿ ನಿಮ್ಮ ಹೆಸರು ಇದೆ. ಹಳೆ ಊರಿನ ಓಣಿ, ಮನೆ, ಹೋಳಿ ಇರುವ ಕ್ಯಾಸೆಟ್‌ಗಳನ್ನು ಅರ್ಧ ದರಕ್ಕೆ ಇಳಿಸಿಕೊಡುತ್ತೇವೆ, ಸರದಿಯಲ್ಲಿ ಮುಂದೆಯೂ ಹಾಕುತ್ತೇವೆ. ಟ್ರಂಕು, ಅಟ್ಟ ಎಲ್ಲಾ ಒಮ್ಮೆ ನೋಡಿ, ಮಳೆಗಾಲ ಶುರುವಾಗುವ ಮೊದಲೇ ತನ್ನಿ.

ಇಂತಿ ನಿಮ್ಮವರು,
ಅಂಗಡಿಯ ನಾವೆಲ್ಲರೂ