ಸೈನೈಡ್ ದಿಣ್ಣೆಗಳ ಮನವಿ: ಭಾನುವಾರದೊಳಗೆ ಫೋಟೊ ಕಳಿಸಿ

ಎಲ್ಲರಿಗೂ ನಮಸ್ಕಾರ. ಕೆಜಿಎಫ್ ಚಿನ್ನದ ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಗಣಿ ಮುಚ್ಚುವುದಕ್ಕೂ ಯೋಜನೆ ಕೊಡಬೇಕೆಂಬ ಕೇಂದ್ರದ ನಿಯಮ ಬಂದದ್ದು 2003ರಲ್ಲಿ. ಅಷ್ಟರಲ್ಲಿ ಹಳೇ ಶಾಫ್ಟುಗಳೂ (ಗಣಿಗೆ ಇಳಿಯುವ ಆಳದ ಬಾವಿಗಳು), ಸೈನೈಡ್ ದಿಣ್ಣೆಗಳೂ (ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಹುಡಿಯ ರಾಶಿಗಳು) ನಮ್ಮ ಪಾಲಿಗೆ ಉಳಿದಿದ್ದವು.

ಗಾಳಿ ಎದ್ದರೆ ಹುಡಿ ಒಣಗಹಾಕಿದ ಬಟ್ಟೆ, ನೀರಿನ ಕೊಡದ ಮೇಲೆಲ್ಲ ಕೂರುತ್ತದೆ. ಮಳೆ ಬಂದರೆ ಕೊರಕಲು ಹಿಡಿದು ತಗ್ಗಿಗೆ ಹರಿಯುತ್ತದೆ. ಸಸಿ ನೆಟ್ಟು ಫೋಟೊ ಹಿಡಿದರೆ ಸಾಲದು. ಮಣ್ಣಿನ ಹೊದಿಕೆ, ಬುಡಕ್ಕೆ ತಡೆಗೋಡೆ, ಪ್ರತಿ ವರ್ಷ ಬಾವಿ ನೀರಿನ ಪರೀಕ್ಷೆ, ಇದಕ್ಕೆಲ್ಲ ಮೀಸಲು ಹಣ ಬೇಕೆಂದು ಜಿಲ್ಲಾಧಿಕಾರಿಗೆ ಮನವಿ ಬರೆಯುತ್ತಿದ್ದೇವೆ.

ನಿಮ್ಮ ಕಡೆ ನೆಲ ಕುಸಿದಿದ್ದರೆ, ಬೇಲಿಯಿಲ್ಲದ ಶಾಫ್ಟ್ ಇದ್ದರೆ ದೂರದಿಂದಲೇ ಫೋಟೊ ತೆಗೆದು, ಜಾಗದ ಹೆಸರು ಬರೆದು ಇಲ್ಲಿ ಹಾಕಿ. ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ಕಳಿಸಲೇಬೇಡಿ.