ರಾಡ್ ಎಲ್ಲಿಗೆ ನಿಲ್ಲಬೇಕು: ಅಕ್ಕನಿಗೆ ಪತ್ರ

ಪ್ರೀತಿಯ ಅಕ್ಕ,

ಪಕ್ಕಕ್ಕೆ ಬಾಗಿದ ಪುಟ್ಟಿಯ ಬೆನ್ನುಮೂಳೆಯ (ಸ್ಕೋಲಿಯೋಸಿಸ್) ಬಗ್ಗೆ ನೀನು ಕಳಿಸಿದ ಎಕ್ಸ್‌ರೇಗಳೂ ಇಬ್ಬರು ಡಾಕ್ಟರು ಬರೆದುಕೊಟ್ಟ ಚೀಟಿಗಳೂ ತಲುಪಿದವು. ಫೋನಿನಲ್ಲಿ ಹೇಳಿದರೆ ಅರ್ಧ ಕಿವಿಗೆ ಬೀಳುವುದಿಲ್ಲ, ಬಿದ್ದದ್ದೂ ನೆನಪಿರುವುದಿಲ್ಲ. ಭಾವನೂ ನಿಧಾನವಾಗಿ ಓದಲಿ ಅಂತ ಬರೆದೇ ಕಳಿಸುತ್ತಿದ್ದೇನೆ.

ಇಬ್ಬರು ಡಾಕ್ಟರೂ ಬೇರೆಬೇರೆ ಹೇಳಿದರು ಅಂತ ನೀನು ಗಾಬರಿಯಾಗಿದ್ದೀಯ. ಅಷ್ಟೇನೂ ವ್ಯತ್ಯಾಸ ಇಲ್ಲ. ಕಶೇರುಗಳನ್ನು, ಅಂದರೆ ಬೆನ್ನುಮೂಳೆಯ ಮಣಿಗಳನ್ನು, ಸ್ಕ್ರೂ ಮತ್ತು ರಾಡ್ ಹಾಕಿ ಬೆಸೆಯುವ ಆಪರೇಷನ್ ಬೇಕು ಅಂತ ಇಬ್ಬರೂ ಹೇಳಿದ್ದಾರೆ, ನನಗೂ ಹಾಗೇ ಕಾಣುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಬೆಸೆಯಬೇಕು ಎಂಬುದಕ್ಕೆ ಒಬ್ಬರು ಟಿ-4ರಿಂದ ಎಲ್-1ರವರೆಗೆ (ಟಿ ಅಂದರೆ ಎದೆಯ, ಎಲ್ ಅಂದರೆ ಸೊಂಟದ ಕಶೇರು) ಅಂದಿದ್ದಾರೆ, ಇನ್ನೊಬ್ಬರು ಟಿ-3ರಿಂದ ಎಲ್-3ರವರೆಗೆ. ತಕರಾರು ಇರುವುದು ಅಲ್ಲಿ ಮಾತ್ರ. ಯಾವ ಕಂಪನಿಯ ಸ್ಕ್ರೂ, ಯಾವ ಲೋಹದ ರಾಡ್ ಎಂಬುದಕ್ಕಿಂತ ಪುಟ್ಟಿಯ ಮುಂದಿನ ಬದುಕಿಗೆ ಇದೇ ಮುಖ್ಯ. ನೀವು ಕೂತು ಕೇಳಿ ತಿಳಿದುಕೊಳ್ಳಬೇಕಾದದ್ದೂ ಇದನ್ನೇ.

ಮೊದಲು ಆ 54 ಡಿಗ್ರಿ, ಅಂದರೆ ಪುಟ್ಟಿಯ ಬೆನ್ನಿನ ವಕ್ರದ ಅಳತೆ. ನೇರ ನಿಲ್ಲಿಸಿ ತೆಗೆದ ಎಕ್ಸ್‌ರೇಯಲ್ಲಿ ವಕ್ರದ ಮೇಲ್ತುದಿಯಲ್ಲಿ ಅತಿ ಹೆಚ್ಚು ವಾಲಿದ ಕಶೇರುವಿನ ಮೇಲಂಚಿಗೆ ಒಂದು ಗೆರೆ, ಕೆಳತುದಿಯಲ್ಲಿ ಅತಿ ಹೆಚ್ಚು ವಾಲಿದ್ದರ ಕೆಳಂಚಿಗೆ ಇನ್ನೊಂದು ಗೆರೆ. ಇವೆರಡರ ನಡುವಿನ ಕೋನವೇ ಕಾಬ್ ಕೋನ. ಒಂದೇ ಎಕ್ಸ್‌ರೇಯನ್ನು ಇಬ್ಬರು ಅಳೆದರೆ 5 ಡಿಗ್ರಿ ಆಚೀಚೆ ಆಗುವುದು ಮಾಮೂಲು. ಒಬ್ಬರು 54, ಇನ್ನೊಬ್ಬರು 51 ಅಂದದ್ದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡ. ಎದೆಭಾಗದ ವಕ್ರ 50 ದಾಟಿದರೆ ಬೆಳವಣಿಗೆ ನಿಂತ ಮೇಲೂ ಸರಾಸರಿ ವರ್ಷಕ್ಕೆ ಒಂದು ಡಿಗ್ರಿಯಂತೆ ಹೆಚ್ಚುತ್ತಾ ಹೋಗುತ್ತದೆ. ಆಪರೇಷನ್ ಹೇಳುವುದು ಆ ಕಾರಣಕ್ಕೆ. ಈಗಿನ ನೋವಿಗಾಗಲಿ ಉಸಿರಾಟಕ್ಕಾಗಲಿ ಅಲ್ಲ. ಪುಪ್ಪುಸಕ್ಕೆ ನಿಜವಾದ ತೊಂದರೆ ಬರುವುದು ವಕ್ರ ಇನ್ನೂ ಬಹಳ ದೊಡ್ಡದಾದಾಗ.

ಬೆನ್ನಿಗೆ ಕಟ್ಟುವ ಬೆಲ್ಟ್ (ಬ್ರೇಸ್) ಯಾಕೆ ಹಾಕಿಸಲಿಲ್ಲ ಅಂತ ಭಾವ ಕೊರಗುತ್ತಿದ್ದಾರೆ ಅಂತ ಬರೆದಿದ್ದೀಯ. ಬೆಲ್ಟ್‌ನ ಕಾಲ 25ರಿಂದ 40 ಡಿಗ್ರಿ, ಅದೂ ಎಲುಬು ಬೆಳೆಯುತ್ತಿರುವಾಗ. 2013ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 13 ಗಂಟೆ ಅಥವಾ ಹೆಚ್ಚು ಹಾಕಿಕೊಂಡವರಲ್ಲಿ ಬಹುಪಾಲು ಮಕ್ಕಳ ವಕ್ರ 50 ಮುಟ್ಟಲಿಲ್ಲ. ಆದರೆ ಪುಟ್ಟಿಯ ಸೊಂಟದ ಎಲುಬಿನ ಅಂಚು ರಿಸರ್ 4ಕ್ಕೆ ಬಂದಿದೆ, ಅಂದರೆ ಬೆಳವಣಿಗೆ ಹೆಚ್ಚುಕಮ್ಮಿ ಮುಗಿದಿದೆ. ಈಗ ಬೆಲ್ಟ್ ಕಟ್ಟಿದರೆ ಮಗುವಿಗೆ ಹಿಂಸೆ ಅಷ್ಟೇ. ಶಾಲೆಯ ಚೀಲ, ಕೂರುವ ಭಂಗಿ, ಮಲಗುವ ಹಾಸಿಗೆ, ಇವು ಯಾವುವೂ ಇದಕ್ಕೆ ಕಾರಣವಲ್ಲ. ಅವಳನ್ನು ನೆಟ್ಟಗೆ ಕೂತುಕೋ ಅಂತ ಗದರುವುದನ್ನು ಇವತ್ತೇ ನಿಲ್ಲಿಸಿ.

ರಿಸರ್ 4 ಆಗಿರುವುದರಿಂದ ಒಂದು ಅನುಕೂಲವೂ ಇದೆ: ಅವಸರ ಇಲ್ಲ. ಎರಡು ಮೂರು ತಿಂಗಳು ತಡವಾದರೆ ಏನೂ ಕೆಡುವುದಿಲ್ಲ, ಪರೀಕ್ಷೆ ಮುಗಿಸಿಕೊಂಡೇ ಮಾಡಿಸಬಹುದು. ನೀನು ಕೇಳಿದ ಹಗ್ಗದ ಆಪರೇಷನ್, ಅಂದರೆ ಕಶೇರುಗಳನ್ನು ಬೆಸೆಯದೆ ಪಕ್ಕದಿಂದ ಸ್ಕ್ರೂ ಹಾಕಿ ಬಳ್ಳಿ ಬಿಗಿಯುವುದು, ಅವಳಿಗಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಅದಕ್ಕೆ ಅನುಮತಿ ಕೊಟ್ಟದ್ದು ಬೆಳವಣಿಗೆ ಬಾಕಿ ಇರುವ ಮಕ್ಕಳಿಗೆ. ಬೆಳೆಯುವ ಎಲುಬೇ ಅಲ್ಲಿ ವಕ್ರವನ್ನು ತಿದ್ದಬೇಕು. ಬಳ್ಳಿ ಹರಿಯುವುದು, ವಕ್ರ ಎದುರು ದಿಕ್ಕಿಗೆ ತಿರುಗುವುದು, ಮತ್ತೆ ಆಪರೇಷನ್ ಆಗುವುದು, ಇವೆಲ್ಲ ಅದರಲ್ಲಿ ಜಾಸ್ತಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎದೆಯಲ್ಲಿ 12 ಕಶೇರುಗಳು, ಟಿ-1ರಿಂದ ಟಿ-12. ಸೊಂಟದಲ್ಲಿ ಐದು, ಎಲ್-1ರಿಂದ ಎಲ್-5. ಆಪರೇಷನ್ನಿನಲ್ಲಿ ಬೆಸೆದ ಕಶೇರುಗಳ ನಡುವೆ ಮತ್ತೆ ಚಲನೆ ಇರುವುದಿಲ್ಲ. ಎದೆಭಾಗದಲ್ಲಿ ಅದು ದೊಡ್ಡ ನಷ್ಟವಲ್ಲ, ಪಕ್ಕೆಲುಬುಗಳಿಂದಾಗಿ ಅಲ್ಲಿ ಮೊದಲೇ ಚಲನೆ ಕಡಿಮೆ. ಬಗ್ಗುವುದು ಹೆಚ್ಚಾಗಿ ಸೊಂಟದಿಂದ. ಎಲ್-1ಕ್ಕೆ ನಿಲ್ಲಿಸಿದರೆ ಅದರ ಕೆಳಗೆ ಐದು ಡಿಸ್ಕ್‌ಗಳು (ಕಶೇರುಗಳ ನಡುವಿನ ಮೆತ್ತೆಗಳು) ಆಡುತ್ತಿರುತ್ತವೆ. ಎಲ್-3ಕ್ಕೆ ಹೋದರೆ ಮೂರೇ. ಐದು ಡಿಸ್ಕ್‌ಗಳ ಕೆಲಸವನ್ನೆಲ್ಲ ಆ ಮೂರೇ ಡಿಸ್ಕ್‌ಗಳು ಮುಂದಿನ ಹಲವು ದಶಕ ಹೊರಬೇಕು.

ಹಾಗಂತ ಗಿಡ್ಡ ಮಾಡಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಪುಟ್ಟಿಗೆ ಎರಡು ವಕ್ರಗಳಿವೆ: ಎದೆಯಲ್ಲಿ ಬಲಕ್ಕೆ 54, ಸೊಂಟದಲ್ಲಿ ಎಡಕ್ಕೆ 33. ಕೆಳಗಿನದು ನಿಜವಾದ ಗಟ್ಟಿ ವಕ್ರವೋ, ಮೇಲಿನದಕ್ಕೆ ಸರಿದೂಗಿಸಲು ಬಂದದ್ದೋ ಎಂಬುದನ್ನು ಮಲಗಿಸಿ ಪಕ್ಕಕ್ಕೆ ಬಗ್ಗಿಸಿ ತೆಗೆದ ಎಕ್ಸ್‌ರೇ ಹೇಳುತ್ತದೆ. 2001ರಲ್ಲಿ ಬಂದ ಲೆಂಕಿ ವರ್ಗೀಕರಣದ ಪ್ರಕಾರ ಬಗ್ಗಿಸಿದಾಗಲೂ 25 ಡಿಗ್ರಿ ಅಥವಾ ಹೆಚ್ಚು ಉಳಿದರೆ ಅದು ಗಟ್ಟಿ ವಕ್ರ, ಅದನ್ನೂ ಬೆಸೆಯಬೇಕು. ಪುಟ್ಟಿಯದು 15ಕ್ಕೆ ಇಳಿದಿದೆ. ಮೇಲಿನದನ್ನು ತಿದ್ದಿದರೆ ಕೆಳಗಿನದು ತಾನಾಗಿ ತಕ್ಕಮಟ್ಟಿಗೆ ನೇರವಾಗುವ ಜಾತಿ ಇದು. ಇನ್ನೊಂದು ಲೆಕ್ಕವೂ ಇದೆ. ಸೊಂಟದ ಕೆಳಗಿನ ತ್ರಿಕಾಸ್ಥಿಯ ಮಧ್ಯದಿಂದ ನೇರ ಮೇಲಕ್ಕೆ ಗೆರೆ ಎಳೆದು, ಅದು ಮೇಲಿನ ವಕ್ರದ ಕೆಳತುದಿಯಲ್ಲಿ ಕೊನೆಯದಾಗಿ ಯಾವ ಕಶೇರುವನ್ನು ಚೆನ್ನಾಗಿ ಮುಟ್ಟುತ್ತದೆ ಅಂತ ನೋಡುತ್ತಾರೆ. ನಾನು ಎಳೆದು ನೋಡಿದರೆ ಎಲ್-1 ಸಿಗುತ್ತದೆ. ಅದಕ್ಕಿಂತ ಮೇಲೆ ನಿಲ್ಲಿಸಿದರೆ ಬೆಸೆದ ಭಾಗದ ಕೆಳಗೆ ವಕ್ರ ಮತ್ತೆ ಸೇರಿಕೊಳ್ಳುತ್ತಾ ಹೋಗುತ್ತದೆ. ಕೆಳಗೆ ಹೋದರೆ ಆಡುವ ಡಿಸ್ಕ್ ವ್ಯರ್ಥ.

ಹಾಗಾಗಿ ನನ್ನ ಮನಸ್ಸು ಮೊದಲನೆಯ ಡಾಕ್ಟರ ಕಡೆಗೆ. ಆದರೆ ಎರಡನೆಯವರನ್ನು ತಳ್ಳಿಹಾಕುವ ಮುಂಚೆ ಪಕ್ಕದಿಂದ ತೆಗೆದ ಎಕ್ಸ್‌ರೇ ಬೇಕು, ನೀನು ಕಳಿಸಿದ್ದರಲ್ಲಿ ಅದಿಲ್ಲ. ಟಿ-10ರಿಂದ ಎಲ್-2ರ ನಡುವೆ ಬೆನ್ನು ಹಿಂದಕ್ಕೆ 20 ಡಿಗ್ರಿ ಅಥವಾ ಹೆಚ್ಚು ಗೂನಾಗಿದ್ದರೆ ಎಲ್-1ಕ್ಕೆ ನಿಲ್ಲಿಸುವುದು ತಪ್ಪು, ಆಗ ಎರಡನೆಯವರದೇ ಸರಿ. ಮೇಲಿನ ತುದಿಯನ್ನು ಭುಜ ತೀರ್ಮಾನಿಸುತ್ತದೆ. ಬಲಕ್ಕೆ ಬಾಗಿದ ಎದೆಯನ್ನು ನೇರ ಮಾಡಿದಾಗ ಎಡಭುಜ ಮೇಲೇಳುತ್ತದೆ. ಎಡಭುಜ ಮೊದಲೇ ಎತ್ತರವಿದ್ದರೆ ಟಿ-2ವರೆಗೆ ಹೋಗಬೇಕಾಗುತ್ತದೆ, ಎರಡೂ ಸಮ ಇದ್ದರೆ ಟಿ-3, ಬಲಭುಜ ಎತ್ತರವಿದ್ದರೆ ಟಿ-4 ಸಾಕು. ಪುಟ್ಟಿಯದು ಬಲಭುಜ ಎತ್ತರ.

ಪೂರ್ತಿ ನೇರ ಆಗುತ್ತದಾ ಅಂತ ಕೇಳಿದ್ದೀಯ. ಇಲ್ಲ, ಆಗಬಾರದು ಕೂಡ. ಈಗಿನ ಸ್ಕ್ರೂಗಳಿಂದ 60-70 ಪ್ರತಿಶತ ತಿದ್ದಬಹುದು, ಅಂದರೆ ಸುಮಾರು 20 ಡಿಗ್ರಿ ಉಳಿಯುತ್ತದೆ. ಕೆಳಗಿನ ವಕ್ರವನ್ನು ಬಿಟ್ಟು ಮೇಲಿನದನ್ನು ಮಾತ್ರ ಬೆಸೆಯುವಾಗ ಅತಿಯಾಗಿ ನೇರ ಮಾಡಿದರೆ ಕೆಳಗಿನದು ಅದಕ್ಕೆ ಹೊಂದಿಕೊಳ್ಳಲಾರದೆ ಇಡೀ ಮೈ ಎಡಕ್ಕೆ ಸರಿಯುತ್ತದೆ. ಎಕ್ಸ್‌ರೇಯಲ್ಲಿ ಕೋಲಿನಂತೆ ಕಾಣಿಸುವ ಆಸೆಗೆ ಬಿದ್ದ ಆಪರೇಷನ್‌ಗಳು ಕೆಡುವುದು ಹೀಗೆ.

ಆಪರೇಷನ್‌ಗೆ ಮುಂಚೆ ಇಡೀ ಬೆನ್ನಿನ ಎಂಆರ್‌ಐ ಮಾಡಿಸಲು ಕೇಳು. ಎಡಕ್ಕೆ ಬಾಗಿದ ಎದೆ, ಬೇಗ ಹೆಚ್ಚಿದ ವಕ್ರ, ರಾತ್ರಿ ಎಬ್ಬಿಸುವ ನೋವು, ಹೊಟ್ಟೆಯ ಚರ್ಮ ಗೀರಿದಾಗ ಒಂದು ಕಡೆ ಮಾತ್ರ ಸ್ನಾಯು ಕುಗ್ಗದಿರುವುದು, ಇವಿದ್ದರೆ ಎಂಆರ್‌ಐ ಕಡ್ಡಾಯ. ಪುಟ್ಟಿಗೆ ಇವು ಇಲ್ಲ. ಆದರೂ ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳು ಗೊತ್ತಾಗದೆ ಉಳಿದು, ಅದರ ಮೇಲೆ ಬೆನ್ನು ನೇರ ಮಾಡಿದರೆ ಹುರಿಗೆ ಅಪಾಯ. ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶವನ್ನು ಈಗಲೇ ನೋಡಿಸು, ಕಡಿಮೆಯಿದ್ದರೆ ತುಂಬಿಕೊಳ್ಳಲು ವಾರಗಳೇ ಬೇಕು. ಐಬುಪ್ರೊಫೇನ್, ಆಸ್ಪಿರಿನ್ ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕೇಳಿ ಬರೆದಿಟ್ಟುಕೋ. ಬೆನ್ನಿನ ಮೇಲೆ ಕೀವಿನ ಮೊಡವೆಗಳಿದ್ದರೆ ಮುಚ್ಚಿಡಬೇಡಿ, ಕೊಯ್ಯುವ ಜಾಗದಲ್ಲಿದ್ದರೆ ದಿನವನ್ನೇ ಮುಂದೂಡುತ್ತಾರೆ.

ಭಾವ, ಒಳಗೆ ಏನು ಮಾಡುತ್ತಾರೆ ಅಂತ ನೀವು ಕೇಳಿದ್ದಿರಿ. ಬೋರಲು ಮಲಗಿಸುತ್ತಾರೆ, ಹೊಟ್ಟೆ ಯಾವುದಕ್ಕೂ ಒತ್ತದೆ ತೂಗುವಂಥ ಮೇಜಿನ ಮೇಲೆ. ಹೊಟ್ಟೆ ಒತ್ತಿದರೆ ಬೆನ್ನಿನ ರಕ್ತನಾಳಗಳು ಉಬ್ಬಿ ರಕ್ತ ಹೆಚ್ಚು ಹೋಗುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟು ರಕ್ತಸ್ರಾವ ತಗ್ಗಿಸುತ್ತಾರೆ, ಸೋರಿದ್ದನ್ನು ಹೀರಿ ತೊಳೆದು ಅವಳಿಗೇ ವಾಪಸು ಕೊಡುವ ಯಂತ್ರವನ್ನೂ ಇಟ್ಟುಕೊಳ್ಳುತ್ತಾರೆ. ಮಧ್ಯದಲ್ಲಿ ಕೊಯ್ದು ಸ್ನಾಯುಗಳನ್ನು ಎಲುಬಿನಿಂದ ಬಿಡಿಸಿ, ಕಶೇರುಗಳ ಹಿಂದಿನ ಸಣ್ಣ ಕೀಲುಗಳನ್ನು ಕತ್ತರಿಸಿ ಸಡಿಲಿಸುತ್ತಾರೆ. ಆಮೇಲೆ ಸ್ಕ್ರೂ. ಪ್ರತಿ ಸ್ಕ್ರೂವಿಗೂ ಮೊದಲು ಮೊಂಡು ಸಲಾಕೆಯಿಂದ ದಾರಿ ಮಾಡಿ, ತುದಿಯಲ್ಲಿ ಗುಂಡು ಇರುವ ತೆಳ್ಳನೆ ಕಡ್ಡಿ ಇಳಿಸಿ ನಾಲ್ಕೂ ಗೋಡೆ, ತಳ ಗಟ್ಟಿಯಿದೆಯಾ ಅಂತ ತಡವಿ ನೋಡಿಯೇ ತಿರುಗಿಸುವುದು. ವಕ್ರದ ಒಳಬದಿ, ಪುಟ್ಟಿಗೆ ಎಡಬದಿ, ಅಲ್ಲಿಯೇ ಕಷ್ಟ: ಸ್ಕ್ರೂ ಹೋಗುವ ಕೊರಳು ಅಲ್ಲಿ ಕಿರಿದು, ಬೆನ್ನುಹುರಿ ಅದೇ ಗೋಡೆಗೆ ಒರಗಿಕೊಂಡಿರುತ್ತದೆ, ಮಹಾಪಧಮನಿಯೂ ಎಡಕ್ಕೇ ಇದೆ. ಕೊರಳು ತೀರಾ ತೆಳ್ಳಗಿದ್ದರೆ ಆ ಸ್ಕ್ರೂವನ್ನು ಬಿಟ್ಟುಬಿಡುವುದೇ ಜಾಣತನ. ನಂತರ ಎರಡೂ ಬದಿಗೆ 5.5 ಅಥವಾ 6 ಮಿಲಿಮೀಟರ್ ದಪ್ಪದ ರಾಡ್. ಬೆನ್ನಿನ ಸಹಜ ಗೂನಿಗೆ ತಕ್ಕಂತೆ ಅದನ್ನು ಮೊದಲೇ ಬಗ್ಗಿಸಿ ಕೂರಿಸುತ್ತಾರೆ. 1962ರಲ್ಲಿ ಹ್ಯಾರಿಂಗ್‌ಟನ್ ಪ್ರಕಟಿಸಿದ ಹಳೆಯ ರಾಡ್ ಬರೀ ಉದ್ದಕ್ಕೆ ಹಿಗ್ಗಿಸುತ್ತಿತ್ತು. ಸೊಂಟದವರೆಗೆ ಅದನ್ನು ಹಾಕಿಸಿಕೊಂಡವರ ಬೆನ್ನು ಚಪ್ಪಟೆಯಾಗಿ, ಮುಂದೆ ನೆಟ್ಟಗೆ ನಿಲ್ಲುವುದೇ ಕಷ್ಟವಾಯಿತು.

ಕೊನೆಗೆ ಎಲುಬಿನ ಮೇಲ್ಪದರ ಕೆತ್ತಿ ಎಲುಬಿನ ಚೂರು ಹರಡುತ್ತಾರೆ. ಈ ಹಂತವನ್ನು ಯಾರೂ ಚಿತ್ರ ಬರೆದು ತೋರಿಸುವುದಿಲ್ಲ, ಆದರೆ ಆಪರೇಷನ್ ಉಳಿಯುವುದು ಇದರಿಂದಲೇ. ಎಲುಬು ಬೆಸೆದುಕೊಳ್ಳದಿದ್ದರೆ, ಹಿಂದೆಮುಂದೆ ಬಗ್ಗಿಸಿದ ತಂತಿ ತುಂಡಾಗುವ ಹಾಗೆ, ಎಷ್ಟೇ ಗಟ್ಟಿ ರಾಡ್ ಆದರೂ ಒಂದು ದಿನ ಮುರಿಯುತ್ತದೆ.

ಒಂದು ವಿಷಯದಲ್ಲಿ ರಾಜಿ ಬೇಡ. ಆಪರೇಷನ್ ಹೊತ್ತಿನಲ್ಲಿ ನರಗಳ ಸಂಕೇತಗಳ ನಿಗಾ ಇರಲೇಬೇಕು, ಸಂವೇದನೆಯದೂ ಚಲನೆಯದೂ ಎರಡೂ, ಅದನ್ನೇ ನೋಡುತ್ತಾ ಕೂರುವ ತಜ್ಞರೊಬ್ಬರು ಬೇಕು. ಪಾರ್ಶ್ವವಾಯುವಿನಂಥ ಹಾನಿಯ ಸಾಧ್ಯತೆ ನೂರರಲ್ಲಿ ಒಂದಕ್ಕಿಂತ ಕಡಿಮೆ. ಅದನ್ನು ಹಾಗೇ ಕಡಿಮೆ ಇಡುವುದು ಈ ನಿಗಾ. ಉಸಿರಿನ ಅರಿವಳಿಕೆ ಅನಿಲಗಳು ಚಲನೆಯ ಸಂಕೇತವನ್ನು ಮಸುಕು ಮಾಡುವುದರಿಂದ ಅರಿವಳಿಕೆಯನ್ನು ರಕ್ತನಾಳದ ಮೂಲಕವೇ ಕೊಡುತ್ತಾರೆ. ಸಂಕೇತ ಕುಗ್ಗಿದರೆ ಕೈ ನಿಲ್ಲಿಸಿ, ಸರಾಸರಿ ರಕ್ತದೊತ್ತಡವನ್ನು 85ರ ಮೇಲಕ್ಕೆ ಏರಿಸಿ, ಹಿಮೋಗ್ಲೋಬಿನ್ ಮತ್ತು ಮೈಬಿಸಿ ನೋಡಿ, ತಿದ್ದಿದ್ದನ್ನು ಸಡಿಲಿಸಿ, ಅನುಮಾನದ ಸ್ಕ್ರೂ ತೆಗೆಯುತ್ತಾರೆ. ಎಚ್ಚರವಾದಾಗ ಅವಳ ತಲೆಯಲ್ಲಿ ಸೂಜಿ ಚುಚ್ಚಿದ ಗುರುತುಗಳಿರುತ್ತವೆ. ಚಲನೆಯ ಪರೀಕ್ಷೆಯಲ್ಲಿ ದವಡೆ ಕಚ್ಚಿಕೊಳ್ಳುವುದರಿಂದ ಹಲ್ಲಿನ ನಡುವೆ ಬಟ್ಟೆಯ ಸುರುಳಿ ಇಟ್ಟಿರುತ್ತಾರೆ, ಆದರೂ ನಾಲಿಗೆ ಸ್ವಲ್ಪ ಗಾಯವಾಗಿರಬಹುದು. ನೋಡಿ ಹೆದರಬೇಡ.

ಮರುದಿನವೇ ಎಬ್ಬಿಸಿ ನಿಲ್ಲಿಸುತ್ತಾರೆ. ಮೊದಲ ಮೂರು ದಿನ ನೋವು ಜೋರು. ಮಗ್ಗುಲು ಬದಲಿಸುವಾಗ ಭುಜ, ಸೊಂಟ ಒಟ್ಟಿಗೆ ಹೊರಳಬೇಕು. ಮನೆಯಲ್ಲಿ ಈಗಲೇ ಅಭ್ಯಾಸ ಮಾಡಿಸು. ನೋವಿನ ಔಷಧಿಯಿಂದ ಮಲಬದ್ಧತೆ ಖಂಡಿತ, ಅದಕ್ಕೆ ಮದ್ದು ಮೊದಲ ದಿನದಿಂದಲೇ ಕೇಳಿ ತಗೋ. ಸಾಮಾನ್ಯವಾಗಿ 3ರಿಂದ 5 ದಿನಕ್ಕೆ ಮನೆಗೆ ಬಿಡುತ್ತಾರೆ. ಮನೆಗೆ ಬಂದ ಮೇಲೆ ಹಸಿರು ವಾಂತಿ ಬಿಡದೆ ಆಗುತ್ತಿದ್ದರೆ ಹೊಟ್ಟೆ ಕೆಟ್ಟಿದೆ ಅಂದುಕೊಂಡು ಕೂರಬೇಡ. ಮೈ ಉದ್ದವಾದಾಗ ತೆಳ್ಳಗಿನ ಮಕ್ಕಳಲ್ಲಿ ರಕ್ತನಾಳವೊಂದು ಸಣ್ಣಕರುಳಿನ ಮೊದಲ ಭಾಗವನ್ನು ಅದುಮುವುದುಂಟು, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಗಾಯ ಒಣಗುತ್ತಾ ಬಂದು ಮತ್ತೆ ಸೋರಲು ಶುರುವಾದರೂ ಅಷ್ಟೇ, ಮನೆಯಲ್ಲಿದ್ದ ಆ್ಯಂಟಿಬಯೋಟಿಕ್ ಕೊಟ್ಟು ಕಾಯಬೇಡ. ಗಾಯದ ಆಚೀಚೆ ಚರ್ಮ ಮರಗಟ್ಟಿರುವುದು ಮಾತ್ರ ಮಾಮೂಲು.

ಶಾಲೆಗೆ ನಾಲ್ಕು ವಾರದ ಹೊತ್ತಿಗೆ, ಮೊದಮೊದಲು ಅರ್ಧ ದಿನ ಸಾಕು. ಪುಸ್ತಕದ ಎರಡು ಸೆಟ್ ಮಾಡು, ಚೀಲ ಹೊರುವುದು ತಪ್ಪುತ್ತದೆ. ಈಜು, ಓಟಕ್ಕೆ ಸುಮಾರು ಮೂರು ತಿಂಗಳು, ಮೈಗೆ ಮೈ ತಾಗುವ ಆಟಕ್ಕೆ ಆರರಿಂದ ಹನ್ನೆರಡು, ಅದನ್ನು ಆಪರೇಷನ್ ಮಾಡಿದವರೇ ಹೇಳಬೇಕು. ಮುಂದೆ ಮದುವೆ, ಬಸಿರು, ಹೆರಿಗೆಗೆ ಅಡ್ಡಿಯಿಲ್ಲ. ಎಲ್-1ಕ್ಕೆ ನಿಂತರೆ ಹೆರಿಗೆಯ ಹೊತ್ತಿನಲ್ಲಿ ಸೊಂಟಕ್ಕೆ ಅರಿವಳಿಕೆಯ ಸೂಜಿ ಕೊಡಲು ಕೆಳಗೆ ಜಾಗವೂ ಉಳಿದಿರುತ್ತದೆ.

ಪಕ್ಕದಿಂದ ತೆಗೆದ ಎಕ್ಸ್‌ರೇ ಸಿಕ್ಕ ಕೂಡಲೇ ಕಳಿಸು. ನಿಲ್ಲಿಸಿಯೇ ತೆಗೆದಿರಬೇಕು, ಕತ್ತಿನಿಂದ ತೊಡೆಯೆಲುಬಿನ ತಲೆಯವರೆಗೂ ಒಂದೇ ಚಿತ್ರದಲ್ಲಿ ಬಂದಿರಬೇಕು.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ತಮ್ಮ